ಇಮ್ಮಡಿಯ ಹಿನ್ನೆಲೆ

ನನ್ನ ಉಗ್ಗನ್ನು ನನ್ನ ಅಕ್ಕ ಕದ್ದಳು. ಹೀಗೆ ಹೇಳಿದರೆ ಕೇಳಿದವರಿಗೆ ನಗು ಬರುತ್ತದೆ. ಉಂಗುರ ಕದಿಯಬಹುದು, ಛತ್ರಿ ಕದಿಯಬಹುದು. ತಡವರಿಸುವ ನಾಲಿಗೆಯನ್ನು ಕದ್ದು ಯಾರಿಗೆ ಏನು ಲಾಭ? ಲಾಭ ಇತ್ತು. ನಾನು ಎಂಟು ತಿಂಗಳು ಕಾದಿದ್ದ ಒಂದು ಭಾನುವಾರ ಅವಳ ಪಾಲಾಯಿತು.

ನಾನು ಹಲ್ಲು ಕಟ್ಟುವವಳು. ದಂತವೈದ್ಯರು ಕಳಿಸುವ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದ ಒಸಡು ಮಾಡಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲನ್ನು ಸರಿಯಾಗಿ ಕಚ್ಚುವ ಹಾಗೆ ಮಾಡುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಕೂತಿದ್ದೇನೆ. ನಾನು ಕಟ್ಟಿದ ಹಲ್ಲು ಹಾಕಿಕೊಂಡು ಎಷ್ಟೋ ಅಜ್ಜ ಅಜ್ಜಿಯರು ಪಟಪಟನೆ ಮಾತಾಡುತ್ತಾರೆ. ನನಗೆ ಮಾತ್ರ ನನ್ನ ಹೆಸರು ಹೇಳಲು ಅರ್ಧ ನಿಮಿಷ ಬೇಕು. ಪ, ಮ, ಸ: ಈ ಮೂರು ಅಕ್ಷರಗಳು ನನ್ನ ಹುಟ್ಟು ಶತ್ರುಗಳು. ಸಿಟ್ಟು ಬಂದರೆ ಉಳಿದವೂ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಅಂಗಡಿಯಲ್ಲಿ ಸಕ್ಕರೆ ಕೇಳಲು ಬಾಯಿ ಬಾರದೆ ಬೆಲ್ಲ ಕೊಂಡು ಬಂದಿದ್ದೇನೆ. ಬಸ್ಸಿನಲ್ಲಿ ನನ್ನ ನಿಲ್ದಾಣದ ಹೆಸರು ‘ಪ’ದಿಂದ ಶುರುವಾಗುತ್ತದೆಂದು ಒಂದು ನಿಲ್ದಾಣ ಮುಂದಕ್ಕೆ ಟಿಕೆಟ್ ತೆಗೆದುಕೊಂಡು ಹಿಂದಕ್ಕೆ ನಡೆದಿದ್ದೇನೆ. ಲ್ಯಾಬಿನ ಫೋನನ್ನು ಪಾಲಿಶ್ ಮಾಡುವ ಹುಡುಗಿ ಎತ್ತುತ್ತಾಳೆ, ನಾನು ಎತ್ತುವುದಿಲ್ಲ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಕಸುಬೇ ಮಾತು. ಮದುವೆ, ಕಂಪನಿ ಸಮಾರಂಭ, ಅಂಗಡಿ ಉದ್ಘಾಟನೆ ಎಲ್ಲ ಕಡೆ ಮೈಕ್ ಹಿಡಿದು ನಿರೂಪಣೆ ಮಾಡುತ್ತಾಳೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಮನೆಯ ಮಾಲೀಕರ ಜೊತೆ, ಪ್ಲಂಬರ್ ಜೊತೆ, ನನ್ನ ಬ್ಯಾಂಕಿನವರ ಜೊತೆ ಕೂಡ ಅವಳೇ ಮಾತಾಡುತ್ತಾಳೆ. ನಾನು ಬಾಯಿ ತೆರೆದರೆ ಸಾಕು, ಎರಡನೇ ಅಕ್ಷರಕ್ಕೆ ಅವಳು ನನ್ನ ವಾಕ್ಯ ಮುಗಿಸಿಯಾಗಿರುತ್ತದೆ. ಹತ್ತರಲ್ಲಿ ಆರು ಸಲ ಸರಿಯಾಗಿಯೇ ಮುಗಿಸುತ್ತಾಳೆ. ಉಳಿದ ನಾಲ್ಕು ಸಲ ನಾನು ಹೇಳಬೇಕೆಂದಿದ್ದೇ ಬೇರೆ, ಆದರೆ ಅಷ್ಟು ಹೊತ್ತಿಗೆ ಮಾತು ಮುಂದೆ ಹೋಗಿರುತ್ತದೆ.

ಒಂದೂವರೆ ವರ್ಷದ ಹಿಂದೆ ನಾನು ಇಂಟರ್‌ನೆಟ್ಟಿನಲ್ಲಿ ಒಂದು ಕಥೆಯಾಟದ ಗುಂಪು ಸೇರಿದೆ. ಪ್ರತಿ ಭಾನುವಾರ ಸಂಜೆ ಐದರಿಂದ ಏಳರವರೆಗೆ ನಾಲ್ಕು ಜನ ತಂತಮ್ಮ ಮನೆಯಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಸರದಿಯ ಪ್ರಕಾರ ಟೈಪ್ ಮಾಡುತ್ತಾ ಒಂದೇ ಕಥೆಯನ್ನು ಬೆಳೆಸುತ್ತಿದ್ದೆವು. ಮರಳುಗಾಡಿನ ಅಂಚಿನಲ್ಲಿ ಉಪ್ಪಿನೂರು ಎಂಬ ಪಟ್ಟಣ. ಅದನ್ನು ಹುಟ್ಟಿಸಿ ಆಟ ನಡೆಸುತ್ತಿದ್ದವರನ್ನು ನಾವು ಸೂತ್ರಧಾರರು ಎನ್ನುತ್ತಿದ್ದೆವು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಬಸ್ ಡ್ರೈವರ್ ಒಬ್ಬರು ಉಪ್ಪಿನೂರಿನ ಕಮ್ಮಾರ. ಔಷಧಿ ಅಂಗಡಿಯಾಕೆ ಅಲ್ಲಿನ ವೈದ್ಯೆ. ನಾನು ಡಂಗುರದವಳು. ಹೌದು, ಬೀದಿ ಬೀದಿಯಲ್ಲಿ ತಮಟೆ ಹೊಡೆದು ಊರಿಗೆ ಸುದ್ದಿ ಸಾರುವವಳು. ಯಾರ ಮುಖವನ್ನೂ ಯಾರೂ ನೋಡಿರಲಿಲ್ಲ, ಯಾರ ದನಿಯನ್ನೂ ಕೇಳಿರಲಿಲ್ಲ. ನನ್ನ ಬೆರಳು ಉಗ್ಗುವುದಿಲ್ಲ. ವಾರದಲ್ಲಿ ಎರಡು ಗಂಟೆ ನಾನು ಶುರುಮಾಡಿದ ವಾಕ್ಯವನ್ನು ನಾನೇ ಮುಗಿಸುತ್ತಿದ್ದೆ.

ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ‘ಹಿನ್ನೆಲೆ’ ಪುಟ ಇರುತ್ತದೆ. ಅವನು ಎಲ್ಲಿಂದ ಬಂದ, ಏನು ಅನುಭವಿಸಿದ, ಯಾಕೆ ಹೀಗಿದ್ದಾನೆ ಎನ್ನುವುದೆಲ್ಲ ಅದರಲ್ಲಿ. ಹಾಗೆಯೇ ಒಬ್ಬೊಬ್ಬರಿಗೂ ದೀಪದ ಸರದಿ ಬರುತ್ತದೆ. ದೀಪ ಯಾರ ಮೇಲೋ ಆ ಭಾನುವಾರದ ಕಥೆ ಅವರದು, ಉಳಿದವರು ಆಸರೆಯಾಗಿ ನಿಲ್ಲಬೇಕು. ಕಮ್ಮಾರನ ಸರದಿ ಎರಡು ತಿಂಗಳು ಎಳೆಯಿತು. ವೈದ್ಯೆಯ ಸರದಿ ನನಗಿಂತ ಮುಂದಕ್ಕೆ ಬಂತು. ಎರಡು ಸಲವೂ ‘ಪರವಾಗಿಲ್ಲ’ ಎಂದು ಬರೆದವಳು ನಾನೇ. ಆದರೆ ನನ್ನ ಕಥೆ ಸಿದ್ಧವಾಗಿತ್ತು. ಊರ ಬಾವಿ ಕೆಟ್ಟಿದೆ. ನೀರು ಚೆನ್ನಾಗಿದೆ ಎಂದು ಸಾರಿ ಬಾ ಎಂದು ಊರ ಒಡೆಯ ಆಜ್ಞೆ ಮಾಡುತ್ತಾನೆ. ಡಂಗುರದವಳು ಚೌಕದಲ್ಲಿ ನಿಂತು, ಸಾರುವುದಿಲ್ಲ ಎನ್ನುತ್ತಾಳೆ. ಹಲ್ಲು ಕೂರಿಸುತ್ತಾ ಕೂರಿಸುತ್ತಾ ಆ ದೃಶ್ಯದ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದೆ.

ಒಂದು ಭಾನುವಾರ ನಾನು ಕಂಪ್ಯೂಟರ್ ಮುಂದೆ ಒಬ್ಬಳೇ ನಗುವುದನ್ನು ಅಕ್ಕ ನೋಡಿದಳು.

“ಏನೇ ಅದು, ಒಬ್ಬಳೇ ಕಿಸಿಕಿಸಿ ಅಂತಿದೀಯ? ನನ್ನನ್ನೂ ಸೇರಿಸ್ಕೋ.”

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಅಕ್ಕ ಎಂದು ಯಾರಿಗೂ ಹೇಳಬಾರದು ಎಂದಷ್ಟೇ ಷರತ್ತು ಹಾಕಿದೆ. ಅವಳು ಮಾತಿಗೆ ತಪ್ಪಲಿಲ್ಲ. ಮೂರು ವಾರ ಸುಮ್ಮನೆ ನೋಡಿದಳು. ನಾಲ್ಕನೇ ವಾರದ ನಡುವೆ ತನ್ನ ಪಾತ್ರದ ಹಿನ್ನೆಲೆ ಹಾಕಿದಳು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲ್ಯಾಬಿನಲ್ಲೇ ಕೂತು ಅದನ್ನು ಮೊಬೈಲಿನಲ್ಲಿ ಓದಿದೆ. ಪಾತ್ರದ ಹೆಸರು ಇಮ್ಮಡಿ. ಪ್ರತಿ ಮಾತನ್ನೂ ಎರಡೆರಡು ಸಲ ಹೇಳುತ್ತಾಳೆಂದು ಮಕ್ಕಳು ಇಟ್ಟ ಅಡ್ಡಹೆಸರಂತೆ. ಶಾಲೆಯಲ್ಲಿ ನನ್ನನ್ನು ‘ಡಬ್ಬಲ್’ ಎನ್ನುತ್ತಿದ್ದರು. ಇಮ್ಮಡಿ ಉಗ್ಗುವ ಹುಡುಗಿ. ಅವಳಿಗೆ ಹತ್ತು ವರ್ಷವಾಗಿದ್ದಾಗ ಊರ ಸಭೆಯಲ್ಲಿ ಅತಿಥಿಗಳನ್ನು ಸ್ವಾಗತಿಸಲು ನಿಲ್ಲಿಸಿದರಂತೆ. ಮೊದಲ ಅಕ್ಷರಕ್ಕೇ ಸಿಕ್ಕಿಬಿದ್ದಳಂತೆ. ಬೆವರಿ, ಕಾಲಿನ ಹೆಬ್ಬೆರಳಿಂದ ಜಮಖಾನೆಯ ಅಂಚು ಒತ್ತುತ್ತಾ, ವೇದಿಕೆಯ ಹಲಗೆಗೆ ಹೊಡೆದ ಮೊಳೆಗಳನ್ನು ಎಣಿಸಿದಳಂತೆ. ಹದಿನೇಳು ಮೊಳೆ.

ಹದಿನೇಳು. ಆ ಲೆಕ್ಕ ನಾನು ಜೀವಮಾನದಲ್ಲಿ ಒಬ್ಬಳಿಗೆ ಮಾತ್ರ ಹೇಳಿದ್ದೆ.

ನಡೆದದ್ದು ಇಷ್ಟು. ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ನಾಲ್ಕು ಸಾಲಿನ ಸ್ವಾಗತ ನನಗೆ ಕೊಟ್ಟಿದ್ದರು. ‘ಮಾನ್ಯ ಅತಿಥಿಗಳೇ’ ಎಂದು ಶುರು. ‘ಮ’ ಬರಲಿಲ್ಲ. ಜನ ಕಾದರು, ಕೆಮ್ಮಿದರು, ಹಿಂದಿನ ಸಾಲಿನವರು ನಕ್ಕರು. ಆಗ ಪರದೆಯ ಪಕ್ಕದಿಂದ ಅಕ್ಕ ಓಡಿಬಂದು, ನನ್ನ ಕೈ ಹಿಡಿದುಕೊಂಡು, ನಾಲ್ಕೂ ಸಾಲನ್ನು ಗಂಟೆ ಬಾರಿಸಿದ ಹಾಗೆ ಹೇಳಿಬಿಟ್ಟಳು. ಎಂಥ ಚಪ್ಪಾಳೆ! ತಂಗಿಯ ಮಾನ ಉಳಿಸಿದಳು ಎಂದು ಅಮ್ಮ ಎಷ್ಟೋ ವರ್ಷ ಬಂದವರಿಗೆಲ್ಲ ಹೇಳಿದಳು. ಅಕ್ಕ ಮೈಕ್ ಹಿಡಿದದ್ದು ಅವತ್ತಿನಿಂದ.

ಅವಳು ಬರೆದ ಕಥೆಯಲ್ಲಿ ಯಾವ ಅಕ್ಕನೂ ಓಡಿಬರುವುದಿಲ್ಲ. ಇಮ್ಮಡಿ ನಿಂತೇ ಇರುತ್ತಾಳೆ, ಕೊನೆಗೆ ಗಂಟಲು ಬಿಟ್ಟುಕೊಡುತ್ತದೆ, ನಾಲ್ಕು ಸಾಲನ್ನೂ ತಾನೇ ಹೇಳಿ ಮುಗಿಸುತ್ತಾಳೆ, ಸಭೆಯ ಕಣ್ಣು ಒದ್ದೆಯಾಗುತ್ತದೆ. ನನ್ನಿಂದ ಕಸಿದುಕೊಂಡ ಕೊನೆಯನ್ನು ಸಹ ಅಕ್ಕ ತನ್ನ ಪಾತ್ರಕ್ಕೇ ಬರೆದುಕೊಂಡಿದ್ದಳು.

ಪುಟದ ಕೆಳಗೆ ಆಗಲೇ ಹೊಗಳಿಕೆಗಳು ಬಿದ್ದಿದ್ದವು. ‘ಓದಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತೆ’ ಎಂದಿದ್ದರು ಕಮ್ಮಾರರು. ‘ಇಷ್ಟು ಆಳವಾದ ಹಿನ್ನೆಲೆ ನಮ್ಮ ಆಟದಲ್ಲಿ ಬಂದೇ ಇಲ್ಲ’ ಎಂದಿದ್ದರು ವೈದ್ಯೆ. ನಾನು ಮೇಣದ ಮೇಲೆ ಕೈಯಿಟ್ಟುಕೊಂಡೇ ಓದುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು. ಬೆಳಗಿಂದ ಕೂರಿಸಿದ್ದ ಹನ್ನೆರಡು ಹಲ್ಲೂ ವಕ್ರವಾಗಿ ಒಂದರ ಮೇಲೊಂದು ಹತ್ತಿಕೊಂಡಿದ್ದವು.

“ಯಾರ ಬಾಯಿ ಇದು, ಹೊಡೆದಾಡಿಕೊಂಡು ಬಂದವರದಾ?” ಎಂದರು ಲ್ಯಾಬಿನ ಯಜಮಾನರು. ಕಿತ್ತು ಮತ್ತೆ ಮೊದಲಿಂದ ಶುರುಮಾಡಿದೆ.

ಸಂಜೆ ಅಕ್ಕ ಕನ್ನಡಿ ಮುಂದೆ ಕೂತು ಯಾವುದೋ ಸಮಾರಂಭಕ್ಕೆ ಹೊರಡುತ್ತಿದ್ದಳು.

“ಅ... ಅದು ನ... ನನ್ನ...”

“ನಿನ್ನ ಶಾಲೆಯ ಕಥೆ ಥರ ಇದೆ ಅಂತ ತಾನೆ?” ಎಂದಳು, ತುಟಿಗೆ ಬಣ್ಣ ಹಚ್ಚುತ್ತಾ. “ಹೌದು ಕಣೇ, ಅಲ್ಲಿಂದ ಸ್ವಲ್ಪ ತಗೊಂಡೆ. ಕಥೆ ತಾನೆ? ನಿನ್ನ ಹೆಸರೇನು ಹಾಕಿಲ್ವಲ್ಲ. ಎಲ್ಲರಿಗೂ ಎಷ್ಟು ಇಷ್ಟ ಆಗಿದೆ ನೋಡಿದ್ಯಾ?”

“ತೆ... ತೆಗಿ ಅದನ್ನ.”

“ಈಗ ತೆಗೆದ್ರೆ ಏನಂದ್ಕೋತಾರೆ? ನೀನು ಸುಮ್ನೆ ಎಲ್ಲಾನೂ ಮನಸ್ಸಿಗೆ ಹಚ್ಕೋತೀಯ.” ಚೀಲ ತೆಗೆದುಕೊಂಡು ಹೊರಟೇಹೋದಳು.

ಸೂತ್ರಧಾರರಿಗೆ ಖಾಸಗಿಯಾಗಿ ಬರೆದೆ. ಅದು ನನ್ನ ಬದುಕು ಎಂದು ಬರೆಯಲು ಮನಸ್ಸು ಬರಲಿಲ್ಲ. ಅಲ್ಲಿ ಯಾರಿಗೂ ನಾನು ಉಗ್ಗುವವಳಲ್ಲ, ಆ ಒಂದು ಜಾಗವನ್ನಾದರೂ ಹಾಗೇ ಉಳಿಸಿಕೊಳ್ಳಬೇಕಿತ್ತು. ಬರುವ ಭಾನುವಾರ ದೀಪ ನನ್ನದು ತಾನೆ ಎಂದಷ್ಟೇ ಕೇಳಿದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ‘ಡಂಗುರದವರೇ, ಬೇಜಾರು ಮಾಡ್ಕೋಬೇಡಿ. ಇಮ್ಮಡಿಯ ಹಿನ್ನೆಲೆ ಎಲ್ಲರನ್ನೂ ಅಲ್ಲಾಡಿಸಿಬಿಟ್ಟಿದೆ. ಬಿಸಿ ಇದ್ದಾಗಲೇ ಆಡಿಬಿಡೋಣ. ನಿಮ್ಮ ಪುಟದಲ್ಲಿ ನಾಲ್ಕೇ ಸಾಲು ಇದೆ ನೋಡಿ, ಸ್ವಲ್ಪ ನೋವು ಗೀವು ಸೇರಿಸಿ, ಮುಂದಿನ ತಿಂಗಳು ಖಂಡಿತ ನಿಮ್ಮದೇ. ಮತ್ತೆ, ಈ ವಾರ ಟೈಪ್ ಬೇಡ. ದನಿಯಲ್ಲೇ ಆಡೋಣ. ಇಮ್ಮಡಿಯ ಸಂಕಟ ಕಿವಿಗೆ ಬೀಳಬೇಕು.’

ನೋವು ಗೀವು ಸೇರಿಸಬೇಕಂತೆ, ಉಪ್ಪು ಖಾರ ಸೇರಿಸಿದ ಹಾಗೆ.

ಹೋಗಬಾರದು ಎಂದುಕೊಂಡೆ. ಹೋಗದಿದ್ದರೆ ಅದೂ ಅವಳಿಗೇ ಬಿಟ್ಟುಕೊಟ್ಟಂತೆ ಎನಿಸಿತು. ಭಾನುವಾರ ಐದಕ್ಕೆ ಅಕ್ಕ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು, ನಾನು ಅಡುಗೆಮನೆಯ ಮೇಜಿನ ಮುಂದೆ. ನಡುವೆ ಒಂದು ಗೋಡೆ. ಹೆಡ್‌ಫೋನ್ ಒಂದೇ ಕಿವಿಗೆ ಹಾಕಿಕೊಂಡಿದ್ದೆ. ಹಾಗಾಗಿ ಅಕ್ಕನ ಪ್ರತಿ ಮಾತೂ ನನಗೆ ಎರಡು ಸಲ ಕೇಳುತ್ತಿತ್ತು, ಮೊದಲು ಗೋಡೆಯಿಂದ, ಒಂದು ಕ್ಷಣ ಬಿಟ್ಟು ಕಿವಿಯೊಳಗೆ.

ಅವಳು ಉಗ್ಗಿದಳು.

ಮೂವತ್ತೈದು ವರ್ಷ ನನ್ನ ಪಕ್ಕದಲ್ಲೇ ಬೆಳೆದು ಅವಳು ಕಲಿತದ್ದು ಇಷ್ಟೇನಾ ಎನಿಸಿತು. “ಅ-ಅ-ಅಮ್ಮಾ,” ಎಂದಳು ಇಮ್ಮಡಿ, “ನಾ-ನಾನು ಮಾ-ಮಾತಾಡ್ತೀನಿ.” ದುಃಖದ ಮಾತು ಬಂದಲ್ಲೆಲ್ಲ ಸರಿಯಾಗಿ ಅಲ್ಲೇ ಉಗ್ಗು. ನಿಜವಾದ ಉಗ್ಗಿಗೆ ಅಂಥ ಸಮಯಪ್ರಜ್ಞೆ ಇರುವುದಿಲ್ಲ. ನಾನು ‘ಅಮ್ಮ’ ಎನ್ನಲು ಎಂದೂ ತಡವರಿಸಿದವಳಲ್ಲ. ಅಮ್ಮ ತೀರಿಕೊಂಡ ದಿನ ಫೋನಿನಲ್ಲಿ ಚಿಕ್ಕಪ್ಪನಿಗೆ ಒಂದೇ ಉಸಿರಿಗೆ ಸುದ್ದಿ ಹೇಳಿದ್ದೆ. ಆಮೇಲೆ ಔಷಧಿ ಅಂಗಡಿಯಲ್ಲಿ ಟೂತ್‌ಪೇಸ್ಟ್ ಕೇಳಲು ಹೋಗಿ ಐದು ನಿಮಿಷ ನಿಂತಿದ್ದೆ. ಇದೆಲ್ಲ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಕಮ್ಮಾರರು ಅಳುತ್ತಾ ಮೂಗು ಎಳೆದುಕೊಳ್ಳುವ ಸದ್ದು. ಅದು ಸಿಕ್ಕಿತು.

“ಅದ್ಭುತ,” ಎಂದರು ಸೂತ್ರಧಾರರು, ಗದ್ಗದಿತರಾಗಿ. “ಈಗ ಊರ ಚೌಕ. ಡಂಗುರದವರೇ, ಸಭೆ ಸೇರಿದೆ ಅಂತ ಸಾರಿ.”

ಸಭೆ ಸೇರಿದೆ. ಎರಡು ‘ಸ’. ಬೇರೆ ಪದ ಹುಡುಕಬಹುದಿತ್ತು. ಎಲ್ಲರೂ ಬನ್ನಿ ಎಂದಿದ್ದರೆ ಆಗುತ್ತಿತ್ತು. ಆದರೆ ಅವತ್ತು ನನಗೆ ಯಾವ ಪದದಿಂದಲೂ ತಪ್ಪಿಸಿಕೊಳ್ಳುವ ಮನಸ್ಸಿರಲಿಲ್ಲ. ಮೈಕ್ ಒತ್ತಿದೆ.

“ಸ... ಸ್ಸ... ಸ್...”

ಅಕ್ಷರ ಅಲ್ಲೇ ನಿಂತಿತು. ಆಮೇಲೆ ವೈದ್ಯೆಯ ದನಿ ಬಂತು, ಚುರುಕಾಗಿ:

“ಏನ್ರೀ ಇದು? ಇದು ಸರಿಯಲ್ಲ. ಅವರ ಪಾತ್ರದ ನೋವನ್ನ ಹೀಗೆ ಅಣಕಿಸ್ತೀರಾ?”

“ನಿಮ್ಮ ಸರದಿ ಮುಂದಕ್ಕೆ ಹೋಯ್ತು ಅಂತ ಸಿಟ್ಟಿದ್ರೆ ಬೇರೆ ಥರ ಹೇಳಿ,” ಎಂದರು ಕಮ್ಮಾರರು. “ಉಗ್ಗೋರನ್ನ ಆಡಿಕೊಳ್ಳೋದು ತಮಾಷೆ ಅಲ್ಲ.”

ನನ್ನ ಉಗ್ಗನ್ನು ನಾನೇ ಅಣಕಿಸುತ್ತಿದ್ದೇನಂತೆ. ಅದಕ್ಕಿಂತ ಹೆಚ್ಚು ಉರಿಸಿದ್ದು ಗೋಡೆಯ ಆಚೆಯ ಮೌನ. ಅಕ್ಕನಿಗೆ ಗೊತ್ತಿತ್ತು. ಒಂದೇ ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ಬೇಡಬೇಡವೆಂದರೂ ನನ್ನ ಪರವಾಗಿ ಮಾತಾಡಿದವಳು ಆ ಒಂದು ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

“ಇ... ಇದು ನ... ನಟನೆ...”

ಆಗ ಬಂತು ಅವಳ ದನಿ, ಗೋಡೆಯಿಂದ ಒಮ್ಮೆ, ಕಿವಿಯಲ್ಲಿ ಒಮ್ಮೆ, ಇಮ್ಮಡಿಯದಲ್ಲ, ನಿರೂಪಕಿಯದು: “ಎಲ್ಲರೂ ಸ್ವಲ್ಪ ಸಮಾಧಾನ ತಂದ್ಕೊಳ್ಳಿ. ಅವರು ಹೇಳ್ತಿರೋದು ಏನಂದ್ರೆ...”

ನಾನು ಎದ್ದೆ. ಹೆಡ್‌ಫೋನಿನ ವೈರು ಎಳೆದುಕೊಂಡು ಕಂಪ್ಯೂಟರ್ ವಾಲಿತು. ಗೋಡೆಗೆ ಅಂಗೈಯಿಂದ ಬಡಿದೆ. “ಸು... ಸು... ಸುಮ್ನಿರೇ!” ಎಂದು ಕಿರುಚಿದೆ. ಅದು ಅವಳ ಮೈಕಿನಲ್ಲೂ ಕೇಳಿತಂತೆ, ನನ್ನ ಮೈಕಿನಲ್ಲೂ ಕೇಳಿತಂತೆ. ನಾವಿಬ್ಬರೂ ಒಂದೇ ಮನೆಯವರೆಂದು ಎಲ್ಲರಿಗೂ ಗೊತ್ತಾದದ್ದು ಹಾಗೆ.

ಮತ್ತೆ ಕೂತು ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ನಾನು ನೋಡಲಿಲ್ಲ. ಇದು ನಟನೆಯಲ್ಲ ಎಂದೆ. ನನ್ನ ಬಾಯಿ ಇರುವುದೇ ಹೀಗೆ ಎಂದೆ. ಆ ವೇದಿಕೆಯ ಮೇಲೆ ನಿಂತವಳು ನಾನು, ನಿಮ್ಮ ಇಮ್ಮಡಿ ನನ್ನ ಸ್ವಂತ ಅಕ್ಕ, ನನ್ನನ್ನು ಕೇಳದೆ ಬರೆದಳು ಎಂದೆ. ಪ್ರತಿ ಅಕ್ಷರಕ್ಕೂ ಸಿಕ್ಕಿಕೊಂಡೆ, ಪ್ರತಿ ಅಕ್ಷರವನ್ನೂ ಎಳೆದು ಹೊರಗೆ ಹಾಕಿದೆ. ಈ ಸಲ ಯಾರೂ ನಡುವೆ ಬರಲಿಲ್ಲ.

ಅವರು ನಾಚಿಕೊಂಡು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. “ಅಯ್ಯೋ ಪಾಪ,” ಎಂದರು ವೈದ್ಯೆ. ಕಮ್ಮಾರರು ಮತ್ತೆ ಮೂಗು ಎಳೆದುಕೊಂಡರು. ಸೂತ್ರಧಾರರಂತೂ ಉತ್ಸಾಹದಲ್ಲಿ ತೇಲಿಬಿಟ್ಟರು:

“ದೀಪ ಈಗಲೇ ನಿಮ್ಮದು! ಇದನ್ನೇ ನಿಮ್ಮ ಹಿನ್ನೆಲೆ ಮಾಡಿಬಿಡೋಣ. ಉಗ್ಗೋ ಡಂಗುರದವಳು! ಎಂಥ ಪಾತ್ರ ರೀ!”

“ಡಂಗುರದವಳು ಉ... ಉಗ್ಗಲ್ಲ,” ಎಂದೆ. “ಅವಳ ದನಿ ಇಡೀ ಊರಿಗೆ ಕೇಳುತ್ತೆ. ಅವಳ ಪು... ಪುಟದಲ್ಲಿ ನಾಲ್ಕೇ ಸಾಲು ಇರುತ್ತೆ. ನನಗೆ ಬೇಕಾಗಿರೋದು ನನ್ನ ಸರದಿ. ಕ... ಕನಿಕರ ಅಲ್ಲ.” ಕಂಪ್ಯೂಟರ್ ಮುಚ್ಚಿದೆ.

ಅಕ್ಕ ಬಾಗಿಲು ತೆರೆದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮುಖ ಊದಿತ್ತು.

“ಎಲ್ಲರ ಮುಂದೆ ನನ್ನ ಮಾನ ತೆಗೆದೆ.”

“ನೀ... ನೀನು ನನ್ನದು...”

“ಕದ್ದೆ ಅಂತೀಯ. ನಿನ್ನದು ಅಂತ ಹೇಗೆ...”

“ಮು-ಮುಗಿಸಬೇಡ! ನನ್ನ ಮಾತನ್ನ ಮುಗಿಸಬೇಡ!”

ಅವಳು ಬಾಯಿ ಮುಚ್ಚಿದಳು. ನಾನು ಹೇಳಿದೆ, ಇಪ್ಪತ್ತೈದು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದನ್ನು. ಅವತ್ತು ವೇದಿಕೆ ಮೇಲೆ ‘ಮ’ ಆಗಲೇ ತುಟಿಗೆ ಬಂದಿತ್ತು. ಹದಿನೇಳನೇ ಮೊಳೆ ಎಣಿಸಿ ಮುಗಿಸಿದಾಗ ಗಂಟಲು ಸಡಿಲವಾಗಿತ್ತು. ಇನ್ನೊಂದು ಉಸಿರು, ಅಷ್ಟೇ. ಅಷ್ಟರಲ್ಲಿ ನೀನು ಓಡಿಬಂದೆ.

ಅಕ್ಕ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು.

“ನನಗೆ ಗೊತ್ತಿರ್ಲಿಲ್ಲ. ಅಮ್ಮನೇ ಹಿಂದಿನಿಂದ ತಳ್ಳಿದ್ದು ಕಣೇ, ಹೋಗು, ಹೋಗಿ ಹೇಳು ಅಂತ. ಯಾವಾಗ್ಲೂ ಹಾಗೇ ಅಲ್ವಾ? ಅವಳ ಬಾಯಿ ನೀನು, ಅವಳ ಬಾಯಿ ನೀನು ಅಂತ. ಆಟಕ್ಕೆ ಹೋಗೋ ಹಾಗಿಲ್ಲ, ತಂಗಿ ಅಂಗಡಿಗೆ ಹೋಗಬೇಕು, ಜೊತೆಗೆ ಹೋಗು. ನನ್ನ ಬಾಲ್ಯದಲ್ಲಿ ನೀನಿಲ್ಲದ್ದು ಏನಿದೆ ಹೇಳು, ನಾನು ಬರೆಯೋಕೆ?”

“ಅ... ಅದನ್ನೇ ಬರೀಬೇಕಿತ್ತು. ಇನ್ನೊಬ್ಬಳ ಬಾಯಿ ಆಗಿದ್ದವಳ ಕಥೆ.”

“ಅವಳನ್ನ ನೋಡಿ ಯಾರು ಅಳ್ತಾರೆ?” ಎಂದಳು ಅಕ್ಕ.

ಒಂದು ಗಳಿಗೆ ಅವಳ ಮೇಲೆ ಮರುಕ ಬಂತು, ನಿಜ. ಆದರೆ ಮರುಕ ಬಂದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನಿಲ್ಲ. ನನ್ನದು ಇಳಿಯಲಿಲ್ಲ. ತಟ್ಟೆ ತೊಳೆದಿಟ್ಟು ನನ್ನ ಹಾಸಿಗೆಯನ್ನು ಅಡುಗೆಮನೆಗೆ ತಂದು ಹಾಕಿಕೊಂಡೆ.

ಅಕ್ಕ ಮರುದಿನ ಇಮ್ಮಡಿಯ ಪುಟ ಅಳಿಸಿ ಗುಂಪು ಬಿಟ್ಟಳು. ಸೂತ್ರಧಾರರು ನನಗೆ ಉದ್ದನೆಯ ಕ್ಷಮೆ ಬರೆದರು. ‘ನೋವು ಗೀವು’ ಎಂದದ್ದಕ್ಕೆ ಬೇರೆಯಾಗಿ ಇನ್ನೊಂದು. ವೈದ್ಯೆ ಒಂದೇ ಸಾಲು ಬರೆದರು: ‘ಔಷಧಿ ಅಂಗಡಿಯಲ್ಲಿ ನಾನೂ ಗಿರಾಕಿಗಳ ಮಾತು ಅರ್ಧಕ್ಕೇ ಮುಗಿಸ್ತಿದ್ದೆ, ಇನ್ಮೇಲೆ ಕಾಯ್ತೀನಿ.’ ಅದು ನನಗೆ ಹಿಡಿಸಿತು. ಎರಡು ವಾರ ಬಿಟ್ಟು ನನ್ನ ಸರದಿ ಬಂತು, ಟೈಪ್ ಮಾಡಿಯೇ ಆಡಿದೆವು. ನಾನು ಎಂಟು ತಿಂಗಳು ಕಟ್ಟಿಟ್ಟ ಮಾತುಗಳಲ್ಲಿ ಅರ್ಧ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಕಮ್ಮಾರರು ನಡುವೆ ನುಗ್ಗಿ ಒಡೆಯನ ಕುದುರೆಗೆ ತಪ್ಪು ಲಾಳ ಹೊಡೆದು ಕಥೆಯನ್ನೇ ಬೇರೆ ಕಡೆಗೆ ತಿರುಗಿಸಿದರು. ನಕ್ಕು ನಕ್ಕು ಸಾಕಾಯಿತು. ಬಾವಿಯ ನೀರು ಮಾತ್ರ ಯಾರೂ ಕುಡಿಯಲಿಲ್ಲ.

ಮೂರು ತಿಂಗಳಾದ ಮೇಲೆ ಸೂತ್ರಧಾರರು ಮತ್ತೆ ಬರೆದರು. ‘ನಿಮ್ಮ ಅಕ್ಕ ಹೊಸ ಪಾತ್ರದ ಜೊತೆ ವಾಪಸ್ ಬರಬಹುದಾ ಅಂತ ಕೇಳಿದಾರೆ. ಅವರದೇ ಕಥೆಯಂತೆ. ನೀವು ಒಪ್ಪಿದರೆ ಮಾತ್ರ. ಏನು ಹೇಳಲಿ?’

ಆಗ ಅಕ್ಕ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನನ್ನ ಮೊಬೈಲಿನ ಸದ್ದು ಅವಳಿಗೂ ಕೇಳಿತ್ತು. ಕೈ ನಿಂತಿತ್ತು, ತಲೆ ಎತ್ತಲಿಲ್ಲ. ಹೂಂ ಎಂದರೆ ಒಳ್ಳೆಯ ತಂಗಿ ಎನಿಸಿಕೊಳ್ಳುತ್ತಿದ್ದೆ. ಬೇಡ ಎಂದು ಬರೆದು ಕಳಿಸಿದೆ. ಆಮೇಲೆ ಎದ್ದುಹೋಗಿ ಅವಳ ಎದುರು ನಿಂತು, ಅದನ್ನೇ ಬಾಯಲ್ಲೂ ಹೇಳಿದೆ. ‘ಬೇಡ’ ನನಗೆ ಸುಲಭದ ಪದ. ವಾರದಲ್ಲಿ ಆ ಎರಡು ಗಂಟೆಯಾದರೂ ನನ್ನದಾಗಿಯೇ ಇರಲಿ ಎಂಬ ಕಾರಣ ಹೇಳಲು ಸಾಕಷ್ಟು ಹೊತ್ತು ಹಿಡಿಯಿತು. ಅಕ್ಕ ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮತ್ತೆ ಮಡಿಸುತ್ತಾ, ನಾನು ಮುಗಿಸುವವರೆಗೂ ಕಾದಳು.